ಕೊಲ್ಲುವುದು ಎರಡನೇ ವರ್ಷ

1315ರ ಮೇ ತಿಂಗಳಲ್ಲಿ ಉತ್ತರ ಯುರೋಪಿನಲ್ಲಿ ಹಿಡಿದ ಮಳೆ ಆ ವರ್ಷದ ಸುಗ್ಗಿ ಕಳೆದರೂ ಬಿಡಲಿಲ್ಲ. ನಮ್ಮ ಕಡೆ ಹೊಯ್ಸಳರ ಮೂರನೇ ಬಲ್ಲಾಳ ಆಳುತ್ತಿದ್ದ ಕಾಲ ಅದು. ಅತ್ತ ಇಂಗ್ಲೆಂಡ್, ಐರ್ಲೆಂಡ್‌ಗಳಿಂದ ಹಿಡಿದು ಉತ್ತರ ಫ್ರಾನ್ಸ್, ಫ್ಲಾಂಡರ್ಸ್, ಜರ್ಮನ್ ಸೀಮೆ, ಸ್ಕ್ಯಾಂಡಿನೇವಿಯಾ, ಪೋಲೆಂಡಿನ ಪಶ್ಚಿಮ ಭಾಗದವರೆಗೆ, ಸುಮಾರು ಮೂರು ಕೋಟಿ ಜನ ಬಾಳುತ್ತಿದ್ದ ನೆಲದ ಮೇಲೆ ಒಂದೇ ಸಮನೆ ನೀರು ಸುರಿಯಿತು. ಮರುವರ್ಷ ಮತ್ತೆ ಅದೇ ಮಳೆ. 1317ರಲ್ಲಿ ಮೋಡ ಚದುರಿತಾದರೂ ಆ ಹೊತ್ತಿಗೆ ಬಿತ್ತಲು ಬೀಜ, ಉಳಲು ಎತ್ತು, ದುಡಿಯಲು ಜನ ಎಲ್ಲಕ್ಕೂ ಕೊರತೆ ಬಿದ್ದಿತ್ತು. ನಾಡು ಚೇತರಿಸಿಕೊಂಡಿತು ಎನ್ನಲು 1322 ಕಳೆಯಬೇಕಾಯಿತು. ಯುರೋಪಿನ ಇತಿಹಾಸಕಾರರು ಇದನ್ನು ಮಹಾಕ್ಷಾಮ ಎಂದೇ ಕರೆಯುತ್ತಾರೆ.

ಕ್ಷಾಮ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬಿರುಕುಬಿಟ್ಟ ಕೆರೆಯಂಗಳ. ಇದು ನೀರು ಹೆಚ್ಚಾಗಿ ಬಂದ ಕ್ಷಾಮ, ಉತ್ತರ ಕರ್ನಾಟಕದ ರೈತರು ಹಸಿ ಬರ ಎನ್ನುವ ಜಾತಿಯದು. ಏಳು ಶತಮಾನದ ಹಿಂದಿನ, ಅಷ್ಟು ದೂರದ ನಾಡಿನ ಈ ಕಥೆಯನ್ನು ಇವತ್ತು ಎತ್ತಿಕೊಳ್ಳಲು ಕಾರಣವಿದೆ. ಮೊದಲ ವರ್ಷ ಬೆಳೆ ಹೋದಾಗ ಜನ ಹೇಗೋ ತಡೆದುಕೊಂಡರು. ಎರಡನೇ ವರ್ಷವೂ ಹೋದಾಗ ಸಾವಿರಗಟ್ಟಲೆ ಸತ್ತರು. ಈ ಎರಡು ವರ್ಷಗಳ ನಡುವೆ ಏನು ನಡೆಯಿತು ಎಂಬುದು ಆಹಾರ ಭದ್ರತೆಯ ಬಗ್ಗೆ ಮಾತಾಡುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಏಕೆಂದರೆ ನಮ್ಮ ಯೋಜನೆಗಳು ಬಹುಮಟ್ಟಿಗೆ ಇಂದಿಗೂ ಒಂದು ವರ್ಷದ ಲೆಕ್ಕದಲ್ಲೇ ಇವೆ.

ಮಳೆ ಮಾಡಿದ ಹಾನಿ ಒಂದೆರಡು ಬಗೆಯದಲ್ಲ. ಬಿತ್ತಿದ ಬೀಜ ಕೆಲವೆಡೆ ಕೊಚ್ಚಿಹೋಯಿತು, ಕೆಲವೆಡೆ ಮಣ್ಣಿನಲ್ಲೇ ಕೊಳೆಯಿತು. ಇಳಿಜಾರಿನ ಹೊಲಗಳಲ್ಲಿ ಮೇಲ್ಮಣ್ಣು ಹೋಗಿ ಕೊರಕಲು ಬಿತ್ತು. ಉಳಿದ ಪೈರಿಗೆ ಬಿಸಿಲು ಸಾಲದೆ ಕಾಳು ಸರಿಯಾಗಿ ಕಟ್ಟಲಿಲ್ಲ. ಕೊಯ್ದು ತಂದ ಧಾನ್ಯ ಎಷ್ಟು ಹಸಿಯಾಗಿತ್ತೆಂದರೆ, ಬೀಸುವ ಮೊದಲು ಅದನ್ನು ಒಲೆಯಲ್ಲಿಟ್ಟು ಒಣಗಿಸಬೇಕಿತ್ತು. ಆ ಗೋಧಿಯ ರೊಟ್ಟಿ ಎಷ್ಟು ತಿಂದರೂ ಹೊಟ್ಟೆಗೆ ಆಗುತ್ತಿರಲಿಲ್ಲ ಎಂದು ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದ ದಾಖಲೆಗಾರ ಬರೆದಿಟ್ಟಿದ್ದಾನೆ. 1315ರ ಆಗಸ್ಟ್ 10ರಂದು ದೊರೆ ಎರಡನೇ ಎಡ್ವರ್ಡ್ ಅದೇ ಊರಿನಲ್ಲಿ ತಂಗಿದಾಗ ಅವನ ಪರಿವಾರಕ್ಕೇ ರೊಟ್ಟಿ ಹೊಂದಿಸುವುದು ಕಷ್ಟವಾಯಿತು. ದೊರೆಯ ಊಟಕ್ಕೇ ತತ್ವಾರ ಬಂದಾಗ ಉಳಿದವರ ಪಾಡನ್ನು ಬೇರೆ ಹೇಳಬೇಕಿಲ್ಲ.

ಹುಲ್ಲು ಒಣಗಲಿಲ್ಲ. ಚಳಿಗಾಲವಿಡೀ ದನಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವ ಸೀಮೆಯಲ್ಲಿ ಬಣವೆ ಇಲ್ಲವೆಂದರೆ ದನವನ್ನು ಕಡಿಯಬೇಕು. ಕಡಿದ ಮಾಂಸ ಕೆಡದಂತೆ ಇಡಲು ಉಪ್ಪು ಬೇಕು. ಅಲ್ಲಿ ಉಪ್ಪಾಗುತ್ತಿದ್ದದ್ದು ಸಮುದ್ರದ ನೀರನ್ನು ಬಿಸಿಲಿಗೆ ಬಿಟ್ಟು, ಇಲ್ಲವೇ ಕಡಾಯಿಯಲ್ಲಿ ಕುದಿಸಿ. ಬಿಸಿಲಿಲ್ಲ, ಕುದಿಸೋಣವೆಂದರೆ ಸೌದೆಯೂ ಹಸಿ. ಉಪ್ಪಿನ ಬೆಲೆ ಗಗನಕ್ಕೇರಿತು. ಉಪ್ಪಿಲ್ಲದೆ ಮೀನು, ಬೆಣ್ಣೆ, ಗಿಣ್ಣು ಯಾವುದನ್ನೂ ಕಾಪಿಡುವಂತಿರಲಿಲ್ಲ. ಬಡವನಿಗೆ ಧಾನ್ಯ ತಪ್ಪಿದಾಗ ಕೈಹಿಡಿಯಬೇಕಾದ ಆಹಾರವೆಲ್ಲ ಹೀಗೆ ಒಂದರ ಹಿಂದೆ ಒಂದು ಕೈಕೊಟ್ಟಿತು. ಹೊಲ ಹೋದರೆ ಕೊಟ್ಟಿಗೆ, ಕೊಟ್ಟಿಗೆ ಹೋದರೆ ಕಡಲು ಎಂಬ ಆಸರೆಯೇ ಅಲ್ಲಿ ಉಳಿಯಲಿಲ್ಲ. ಎಲ್ಲದರ ಹಿಂದೆ ಇದ್ದದ್ದು ಒಂದೇ ಮಳೆ.

ಆ ಕಾಲದ ಇಳುವರಿಯ ಲೆಕ್ಕ ನಮಗೆ ಸಿಗುವುದು ವಿಂಚೆಸ್ಟರ್‌ನ ಬಿಷಪ್‌ನ ಜಮೀನುಗಳ ಖಾತೆಗಳಿಂದ. ವರ್ಷ ವರ್ಷವೂ ಎಷ್ಟು ಬಿತ್ತಿದರು, ಎಷ್ಟು ಬೆಳೆದರು ಎಂಬುದನ್ನು ಅವನ ಕಾರಕೂನರು ಬರೆದಿಟ್ಟಿದ್ದಾರೆ. ಸಾಮಾನ್ಯ ವರ್ಷದಲ್ಲಿ ಒಂದಕ್ಕೆ ಹತ್ತಿರ ಹತ್ತಿರ ನಾಲ್ಕರಷ್ಟು ಗೋಧಿ ಬರುತ್ತಿತ್ತು. 1315ರಲ್ಲಿ ಅದು ಎರಡೂವರೆಯ ಆಸುಪಾಸಿಗೆ, 1316ರಲ್ಲಿ ಎರಡರ ಆಸುಪಾಸಿಗೆ ಇಳಿಯಿತು. ಅರ್ಧ ಬೆಳೆ ಬಂತಲ್ಲ, ಅರ್ಧ ಹೊಟ್ಟೆಯಾದರೂ ತುಂಬಿರಬೇಕು ಎಂದು ನಮಗೆ ಅನ್ನಿಸಬಹುದು. ಹಾಗಾಗುವುದಿಲ್ಲ. ಒಂದು ಕೊಳಗ ಬಿತ್ತಿ ನಾಲ್ಕು ಕೊಳಗ ಬೆಳೆದ ರೈತ ಮುಂದಿನ ಬಿತ್ತನೆಗೆ ಒಂದು ಕೊಳಗ ಎತ್ತಿಟ್ಟು ಮೂರನ್ನು ಉಣ್ಣುತ್ತಾನೆ. ಎರಡೇ ಕೊಳಗ ಬಂದರೆ ಬೀಜಕ್ಕೆ ಒಂದು ಹೋಗಿ ಉಣ್ಣಲು ಉಳಿಯುವುದು ಒಂದೇ. ಇಳುವರಿ ಅರ್ಧಕ್ಕೆ ಇಳಿದರೆ ಊಟ ಮೂರನೇ ಒಂದಕ್ಕೆ ಇಳಿಯುತ್ತದೆ. ಅದರಲ್ಲೂ ಚರ್ಚಿಗೆ ಹತ್ತನೇ ಒಂದು ಪಾಲು, ಮೇಲೆ ಧಣಿಯ ಗೇಣಿ. ಕಣದಲ್ಲಿ ರಾಶಿ ಎಷ್ಟೇ ಸಣ್ಣದಿರಲಿ, ಬೀಜದ ಪಾಲು ಮಾತ್ರ ಸಣ್ಣದಾಗುವುದಿಲ್ಲ.

ಮೊದಲ ವರ್ಷ ಜನ ಉಳಿದದ್ದು ಹೇಗೆ ಎಂಬುದಕ್ಕೂ ಉತ್ತರ ಇದೇ ಲೆಕ್ಕದಲ್ಲಿದೆ. ಹಿಂದಿನ ಸುಗ್ಗಿಯದು ಅಷ್ಟಿಷ್ಟು ಉಳಿದಿದ್ದರೆ ಅದನ್ನು ತಿಂದರು. ಕೋಳಿ, ಹಂದಿ, ಕುರಿ ಮಾರಿದರು. ನೆರೆಯವನಿಂದ ಸಾಲ ತಂದರು. ಕೊನೆಗೆ ಬೀಜದ ಗೋಧಿಗೇ ಕೈಹಾಕಿದರು, ಉಳುವ ಎತ್ತನ್ನೇ ಕಡಿದರು. ಇಷ್ಟೂ ಮುಗಿದಾಗ 1316ರ ವಸಂತ ಬಂದಿತ್ತು, ಬಿತ್ತಬೇಕಾದ ಹೊತ್ತು. ಅರ್ಧ ಹೊಲ ಬಿತ್ತನೆಯಿಲ್ಲದೆ ಬಿದ್ದಿದ್ದವರ ಮೇಲೆ ಮತ್ತೆ ಮಳೆ ಸುರಿಯಿತು. ಹಿಂದಿನ ವರ್ಷ ಕಾಪಾಡಿದ್ದ ಯಾವ ದಾರಿಯೂ ಈ ಸಲ ತೆರೆದಿರಲಿಲ್ಲ. ಮಾರಲು ಕುರಿಯಿಲ್ಲ, ಸಾಲ ಕೊಡಲು ನೆರೆಯವನ ಬಳಿಯೂ ಏನಿಲ್ಲ.

ಫ್ಲಾಂಡರ್ಸಿನ ಈಪ್ರ್ ಪಟ್ಟಣ ಆಗ ಉಣ್ಣೆ ಬಟ್ಟೆಯ ನೇಯ್ಗೆಗೆ ಹೆಸರಾಗಿತ್ತು. ಮಗ್ಗದವರು, ಬಣ್ಣ ಹಾಕುವವರು, ಕೂಲಿಗಳು ತುಂಬಿದ ಊರು. ಇವರಿಗೆ ಹೊಲವಿಲ್ಲ, ದಿನಗೂಲಿಯೇ ಗತಿ. 1316ರ ಮೇ ಮೊದಲ ವಾರದಿಂದ ಅಕ್ಟೋಬರ್ ಕೊನೆಯವರೆಗೆ ಬೀದಿಗಳಲ್ಲಿ ಬಿದ್ದ ಹೆಣಗಳನ್ನು ಎತ್ತಿ ಹೂಳಲು ಪಟ್ಟಣದ ಆಡಳಿತ ಆಳುಗಳನ್ನಿಟ್ಟು, ಕೊಟ್ಟ ಕೂಲಿಯನ್ನು ವಾರವಾರವೂ ಲೆಕ್ಕಪುಸ್ತಕಕ್ಕೆ ಏರಿಸಿತು. ಒಟ್ಟು 2,794 ಹೆಣ. ಊರಿನ ಹತ್ತು ಜನರಲ್ಲಿ ಒಬ್ಬರ ಲೆಕ್ಕ. ಸತ್ತವರ ಹೆಸರು ಯಾವ ಪುಟದಲ್ಲೂ ಇಲ್ಲ. ಹೂಳಿದ್ದಕ್ಕೆ ಕೊಟ್ಟ ಹಣ ಮಾತ್ರ ಇದೆ, ಹಾಗಾಗಿ ಎಷ್ಟು ಜನ ಎಂದಾದರೂ ಇಂದು ನಮಗೆ ತಿಳಿಯುತ್ತದೆ. ಹಳ್ಳಿಗಳಲ್ಲಿ ಸತ್ತವರಿಗೆ ಅಷ್ಟೂ ಗತಿಯಿಲ್ಲ. ಇಂಗ್ಲೆಂಡಿನ ಜನರಲ್ಲಿ ಹತ್ತನೇ ಒಂದು ಪಾಲಿನಷ್ಟು ಈ ಕೆಲವು ವರ್ಷಗಳಲ್ಲಿ ಹೋದರೆಂದು ಇತಿಹಾಸಕಾರರ ಅಂದಾಜು.

ಇಂಗ್ಲೆಂಡಿನಲ್ಲಿ ಒಂದು ಕ್ವಾರ್ಟರ್, ಎಂದರೆ ನಮ್ಮ ಎರಡು ಕ್ವಿಂಟಲ್‌ಗೆ ತುಸು ಹೆಚ್ಚಿನ ಗೋಧಿ, ಒಳ್ಳೆಯ ಕಾಲದಲ್ಲಿ ಐದಾರು ಷಿಲಿಂಗಿಗೆ ಸಿಗುತ್ತಿತ್ತು. ಕ್ಷಾಮದಲ್ಲಿ ಅದು 20 ಷಿಲಿಂಗ್ ದಾಟಿತು. ಕೆಲವೆಡೆ 40 ಮುಟ್ಟಿತೆಂದು ಆ ಕಾಲದವರೇ ಬರೆದಿದ್ದಾರೆ. ಕೂಲಿ ಇದ್ದಲ್ಲೇ ಇತ್ತು. ಗಮನಿಸಬೇಕಾದ ಸಂಗತಿಯೆಂದರೆ, ಬೆಳೆ ಅರ್ಧಕ್ಕೆ ಇಳಿದಿದ್ದರೂ ಬೆಲೆ ನಾಲ್ಕು ಪಟ್ಟಾಯಿತು. ಪೇಟೆಯಲ್ಲಿ ಗೋಧಿ ಇತ್ತು, ಕೊಳ್ಳುವ ಶಕ್ತಿ ಇರಲಿಲ್ಲ. ಬಂಗಾಳದ 1943ರ ಕ್ಷಾಮವನ್ನು ಅಧ್ಯಯನ ಮಾಡಿದ ಅಮರ್ತ್ಯ ಸೇನ್ 1981ರಲ್ಲಿ ಇದನ್ನೇ ಸಿದ್ಧಾಂತವಾಗಿ ಮಂಡಿಸಿದರು. ಊರಿನಲ್ಲಿ ಆಹಾರವಿದೆ ಎಂದ ಮಾತ್ರಕ್ಕೆ ಅದು ಹಸಿದವನ ಕೈಗೆ ಸೇರುತ್ತದೆ ಎಂದೇನಿಲ್ಲ, ಅದನ್ನು ಪಡೆಯುವ ಹಕ್ಕು ಅವನಿಗೆ ಹೇಗೋ ಇರಬೇಕು, ದುಡಿಮೆಯಿಂದಲೋ ನೆಲದಿಂದಲೋ ಸರ್ಕಾರದಿಂದಲೋ.

ಈ ಕ್ಷಾಮಕ್ಕೆ ಮುನ್ನಿನ ಎರಡು ಶತಮಾನ ಯುರೋಪಿಗೆ ಒಳ್ಳೆಯ ಹವೆ ಇತ್ತು. ಜನಸಂಖ್ಯೆ ಬೆಳೆಯಿತು, ಕಾಡು ಕಡಿದು ಬರಡು ನೆಲಕ್ಕೂ ನೇಗಿಲು ಹೂಡಿದರು. ಭೂಮಿ ಮಕ್ಕಳಿಂದ ಮಕ್ಕಳಿಗೆ ಹಂಚಿ ತುಂಡಾಯಿತು. 1300ರ ಹೊತ್ತಿಗೆ ಇಂಗ್ಲೆಂಡಿನ ಎಷ್ಟೋ ಕುಟುಂಬಗಳಿಗಿದ್ದ ನೆಲ ಒಳ್ಳೆಯ ವರ್ಷದಲ್ಲೂ ವರ್ಷದ ಊಟಕ್ಕೆ ಸಾಲುತ್ತಿರಲಿಲ್ಲ. ಇಂಥವರು ಕ್ಷಾಮದ ವರ್ಷಗಳಲ್ಲಿ ಇದ್ದ ತುಂಡು ಹೊಲವನ್ನೂ ಮಾರಿದರು. ಹಳ್ಳಿಯ ನ್ಯಾಯಸಭೆಗಳ ಕಡತಗಳಲ್ಲಿ ಆ ವರ್ಷಗಳ ಜಮೀನು ಪರಭಾರೆಗಳು ಸಾಲುಗಟ್ಟಿವೆ. ಕೊಂಡವರು ಯಾರು? ಅದೇ ಊರಿನ ಸ್ಥಿತಿವಂತ ರೈತರು. ಕಾಳು ಕದ್ದವರ, ಕುರಿ ಕದ್ದವರ ಮೊಕದ್ದಮೆಗಳೂ ಅದೇ ವರ್ಷಗಳಲ್ಲಿ ಏರಿದವು. ಮಳೆ ನಿಂತ ಮೇಲೂ ಕಳೆದುಕೊಂಡ ಹೊಲ ಅವರಿಗೆ ಹಿಂದಿರುಗಲಿಲ್ಲ. ಕ್ಷಾಮ ಎಂದರೆ ಸತ್ತವರ ಲೆಕ್ಕ ಮಾತ್ರ ಎಂದುಕೊಂಡರೆ, ಉಳಿದು ಆಳಾದವರ ಲೆಕ್ಕ ಬಿಟ್ಟುಹೋಗುತ್ತದೆ.

ಆಳುವವರು ಸುಮ್ಮನಿರಲಿಲ್ಲ. 1315ರ ವಸಂತದಲ್ಲೇ ಎಡ್ವರ್ಡ್ ದನ, ಕುರಿ, ಕೋಳಿ, ಮೊಟ್ಟೆಗಳಿಗೆ ಇಂತಿಷ್ಟೇ ಬೆಲೆ ಎಂದು ಕಟ್ಟಳೆ ಮಾಡಿದ. ಸರಕು ಸಂತೆಯಿಂದಲೇ ಮಾಯವಾಯಿತು. ವರ್ಷ ತುಂಬುವಷ್ಟರಲ್ಲಿ, 1316ರ ಆರಂಭದಲ್ಲಿ ಲಿಂಕನ್ ನಗರದಲ್ಲಿ ಸೇರಿದ ಪಾರ್ಲಿಮೆಂಟಿನಲ್ಲಿ ಕಟ್ಟಳೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಬೆಲೆಗೆ ಮಿತಿ ಹಾಕುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಸರ್ಕಾರದ ಕಣಜದಲ್ಲಿ ಕಾಳಿಲ್ಲದೆ ಬೆಲೆ ಕಟ್ಟಿದರೆ ಆ ಬೆಲೆಗೆ ಮಾರುವವರು ಸಿಗುವುದಿಲ್ಲ, ಅಷ್ಟೆ. ಪ್ಯಾರಿಸಿನಲ್ಲಿ ಹಿಟ್ಟಿಗೆ ದ್ರಾಕ್ಷಾರಸದ ಗಸಿ, ಹಂದಿಯ ಹೊಲಸು ಬೆರೆಸಿದ ರೊಟ್ಟಿಯಂಗಡಿಯವರನ್ನು ಹಿಡಿದು ಚೌಕದಲ್ಲಿ ಗಾಲಿಗಳಿಗೆ ಕಟ್ಟಿ, ಕೈಗೆ ಆ ಕೆಟ್ಟ ರೊಟ್ಟಿಯ ಚೂರು ಕೊಟ್ಟು ನಿಲ್ಲಿಸಿದರು. ಹದಿನಾರು ಜನ. ಅವರನ್ನು ಊರಿನಿಂದಲೂ ಅಟ್ಟಿದರು. ನೋಡಿದವರ ಸಿಟ್ಟು ತಣಿದಿರಬಹುದು, ಹಸಿವು ತಣಿಯಲಿಲ್ಲ.

ಇದರ ನಡುವೆ ಯುದ್ಧ ಬೇರೆ. ಫ್ರಾನ್ಸಿನ ಹತ್ತನೇ ಲೂಯಿ ಫ್ಲಾಂಡರ್ಸನ್ನು ಮಣಿಸಲು ಅಲ್ಲಿಗೆ ಧಾನ್ಯ ಹೋಗದಂತೆ ತಡೆದ, ಆಮೇಲೆ 1315ರಲ್ಲಿ ದಂಡನ್ನೇ ಕರೆದೊಯ್ದ. ಕುದುರೆಗಳು, ಬಂಡಿಗಳು ಕೆಸರಿನಲ್ಲಿ ಹೂತು ದಂಡು ಹಿಂದಿರುಗಿತು. ಅವನು ಹಾಕಿದ್ದ ಧಾನ್ಯದ ತಡೆ ಮಾತ್ರ ಹಸಿದವರ ಮೇಲೆ ಚೆನ್ನಾಗಿಯೇ ಕೆಲಸ ಮಾಡಿತು. ಸ್ಕಾಟರು ಉತ್ತರ ಇಂಗ್ಲೆಂಡಿಗೆ ನುಗ್ಗಿ ಊರುಗಳನ್ನು ಸುಡುತ್ತಿದ್ದರು. ಸ್ಕಾಟ್ಲೆಂಡಿನ ದೊರೆಯ ತಮ್ಮ ಎಡ್ವರ್ಡ್ ಬ್ರೂಸ್ ಅದೇ ವರ್ಷ ಐರ್ಲೆಂಡಿಗೆ ಇಳಿದು ಮೂರು ವರ್ಷ ಆ ನಾಡನ್ನು ಹರಿದುತಿಂದ. ಧಾನ್ಯ ತುಂಬಿ ಬರುತ್ತಿದ್ದ ಹಡಗುಗಳನ್ನು ಕಡಲ್ಗಳ್ಳರು ದೋಚಿದರು.

ಹಾಗಿದ್ದೂ ಒಂದು ಪಟ್ಟಣದ ಲೆಕ್ಕ ಬೇರೆಯಾಗಿತ್ತು. ಈಪ್ರ್‌ಗೆ ಹೆಚ್ಚು ದೂರವಿಲ್ಲದ, ಅದೇ ಫ್ಲಾಂಡರ್ಸಿನ ಬ್ರೂಗ್ಸ್‌ನಲ್ಲಿ ಅದೇ ತಿಂಗಳುಗಳಲ್ಲಿ ಸತ್ತವರು ಸುಮಾರು ಎರಡು ಸಾವಿರ. ಈಪ್ರ್‌ಗಿಂತ ದೊಡ್ಡ ಊರಾದ್ದರಿಂದ ಅದು ಇಪ್ಪತ್ತು ಜನರಲ್ಲಿ ಒಬ್ಬರ ಲೆಕ್ಕ. ಮಳೆ ಎರಡಕ್ಕೂ ಒಂದೇ. ಬ್ರೂಗ್ಸ್‌ಗೆ ಕಡಲಿನ ದಾರಿ ಇತ್ತು, ಈಪ್ರ್ ಒಳನಾಡಿನದು. ಮೆಡಿಟರೇನಿಯನ್ ಸೀಮೆಗೆ ಈ ಮಳೆ ತಟ್ಟಿರಲಿಲ್ಲ. ಅಲ್ಲಿನ ಗೋಧಿಯನ್ನು ಇಟಲಿಯ ವರ್ತಕರು ಹಡಗಿನಲ್ಲಿ ತರುತ್ತಿದ್ದರು. ಬ್ರೂಗ್ಸ್‌ನ ಆಡಳಿತ ಪಟ್ಟಣದ ಹಣದಲ್ಲೇ ಅದನ್ನು ಕೊಂಡು, ಗೊತ್ತುಮಾಡಿದ ರೊಟ್ಟಿಯಂಗಡಿಗಳ ಮೂಲಕ ಜನರಿಗೆ ಮಾರಿಸಿತು. ಲಾಭ ನೋಡಲಿಲ್ಲ. ನಮ್ಮ ನ್ಯಾಯಬೆಲೆ ಅಂಗಡಿಯ ತತ್ವ ಇದಕ್ಕಿಂತ ಬೇರೆಯೇನಲ್ಲ.

ಅದೇ ಶತಮಾನದ ಕೊನೆಯ ಭಾಗದಲ್ಲಿ ದಖ್ಖನ್ನಿಗೂ ಬರ ಬಿತ್ತು. ಗುಲ್ಬರ್ಗದಲ್ಲಿ ಬಹಮನಿ ಸುಲ್ತಾನ ಎರಡನೇ ಮುಹಮ್ಮದ್ ಶಾಹ್ ಆಳುತ್ತಿದ್ದ. ಮಾಳವ, ಗುಜರಾತ್‌ಗಳಿಂದ ಧಾನ್ಯ ಹೊತ್ತು ತರಲು ಅವನು ಸರ್ಕಾರದ ಖರ್ಚಿನಲ್ಲಿ ಹತ್ತು ಸಾವಿರ ಎತ್ತುಗಳನ್ನು ಹೂಡಿದ, ತಂದದ್ದನ್ನು ಅಗ್ಗದ ದರಕ್ಕೆ ಮಾರಿಸಿದ ಎಂದು ಫರಿಷ್ತಾ ಬರೆದಿದ್ದಾನೆ. ಎರಡು ಶತಮಾನದ ಬಳಿಕ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಆಶ್ರಯದಲ್ಲಿದ್ದು ದಖ್ಖನ್ನಿನ ಇತಿಹಾಸ ಬರೆದವನು ಅವನು. ಎತ್ತಿನ ಬೆನ್ನ ಮೇಲೆ ನೂರಾರು ಮೈಲಿ ಕಾಳು ತರುವುದು ಸುಲಭದ ಕೆಲಸವಲ್ಲ. ದಾರಿಯಲ್ಲಿ ಎತ್ತಿಗೂ ಮೇವು, ನೀರು ಬೇಕು, ಬರದ ಸೀಮೆಯಲ್ಲಿ ಅವೆರಡೂ ಇರುವುದಿಲ್ಲ. 1396ರಲ್ಲಿ ತೊಡಗಿ ಹನ್ನೆರಡು ವರ್ಷ ಕಾಡಿತೆಂದು ಹೇಳಿಕೆಯಿರುವ ದುರ್ಗಾದೇವಿ ಬರ ದಖ್ಖನ್ನಿನಲ್ಲಿ ಊರಿಗೆ ಊರನ್ನೇ ಪಾಳುಗೆಡವಿತು. ಒಂದೆರಡು ವರ್ಷಕ್ಕೆ ಹೂಡಿದ ಉಪಾಯ ಬರ ಉದ್ದವಾದಾಗ ಸಾಲುವುದಿಲ್ಲ ಎಂಬುದಕ್ಕೆ ನಮ್ಮ ನೆಲದ್ದೇ ಸಾಕ್ಷಿ ಅದು.

ಯುರೋಪಿನಲ್ಲಿ ಮಳೆ ನಿಂತ ಮೇಲೆ ಇನ್ನೊಂದು ಪೆಟ್ಟು ಬಿತ್ತು. ಮೇವಿಲ್ಲದೆ ಸೊರಗಿದ್ದ ದನಗಳಿಗೆ ರೋಗ ಹತ್ತಿ, 1319ರಲ್ಲಿ ಇಂಗ್ಲೆಂಡಿಗೆ ಬಂದು, ಅಲ್ಲಿನ ಅರ್ಧಕ್ಕಿಂತ ಹೆಚ್ಚು ದನಗಳನ್ನು ಕೊಂದಿತು. ಬಹುಶಃ ದೊಡ್ಡರೋಗ, ನಮ್ಮ ಹಳ್ಳಿಗಳ ಹಿರಿಯರಿಗೂ ನೆನಪಿರುವ, 2011ರಲ್ಲಷ್ಟೇ ಜಗತ್ತಿನಿಂದ ತೊಲಗಿತೆಂದು ಸಾರಲಾದ ಕಾಯಿಲೆ. ಉಳುವ ಎತ್ತು ಹೋದ ಮೇಲೆ ಒಳ್ಳೆಯ ಮಳೆ ಬಂದೇನು ಫಲ? ಹಾಲೂ ಹೋಯಿತು, ಮಕ್ಕಳಿಗೆ ಇದ್ದೊಂದು ಪೌಷ್ಟಿಕ ಆಹಾರ ಅದೇ ಆಗಿತ್ತು. ಈ ವರ್ಷಗಳಲ್ಲಿ ಹುಟ್ಟಿ ಬೆಳೆದವರೇ ಮೂವತ್ತು ವರ್ಷಗಳ ನಂತರ 1348ರ ಪ್ಲೇಗಿಗೆ ಎದುರಾದರು. ಅವರ ಮೈ ಮೊದಲೇ ಬಡವಾಗಿತ್ತು ಎಂದು ಕೆಲವು ಸಂಶೋಧಕರು ವಾದಿಸುತ್ತಾರೆ.

ಇನ್ನು ಇವತ್ತಿನ ಮಾತು. ರೈಲು ಬಂದಿದೆ, ಗೋದಾಮುಗಳಿವೆ, ಒಂದು ಕಾಳಿಗೆ ನಾಲ್ಕಲ್ಲ, ನೂರರ ಲೆಕ್ಕದಲ್ಲಿ ಭತ್ತ ಬೆಳೆಯುತ್ತೇವೆ. ಮಹಾರಾಷ್ಟ್ರದಲ್ಲಿ 1970ರಿಂದ 1973ರವರೆಗೆ ಒಂದರ ಮೇಲೊಂದು ಬರ ಬಿತ್ತು. 1972–73ರಲ್ಲಿ ಅಲ್ಲಿನ ಧಾನ್ಯದ ಬೆಳೆ ಸಾಮಾನ್ಯ ವರ್ಷದ ಅರ್ಧಕ್ಕಿಂತ ಕೆಳಗಿಳಿಯಿತು. ಹಳೆಯ ಕಾಲವಾಗಿದ್ದರೆ ಇದು ಲಕ್ಷಾಂತರ ಜನರನ್ನು ಬಲಿ ತೆಗೆದುಕೊಳ್ಳಬೇಕಿತ್ತು. ಹಾಗಾಗಲಿಲ್ಲ. 1973ರ ಮೇ ತಿಂಗಳಲ್ಲಿ ಹತ್ತಿರ ಹತ್ತಿರ 50 ಲಕ್ಷ ಜನ ಸರ್ಕಾರದ ಬರ ಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದರು. ರಸ್ತೆ, ಬದು, ಕೆರೆ, ಕಲ್ಲು ಒಡೆಯುವುದು, ಸಿಕ್ಕ ಕೆಲಸ. ಕೈಯಲ್ಲಿ ಕೂಲಿ ಇದ್ದುದರಿಂದ ಹೊರಗಿನಿಂದ ಬಂದ ಧಾನ್ಯ ಅವರ ಒಲೆ ಮುಟ್ಟಿತು. ಹಸಿವು ಇತ್ತು, ಸಂಕಟವಿತ್ತು, ಆದರೆ ಈಪ್ರ್‌ನ ಬೀದಿಯಾಗಲಿಲ್ಲ ಅದು. ಅಲ್ಲಿನ ಉದ್ಯೋಗ ಖಾತ್ರಿ ಕಾನೂನಿಗೂ, ಮುಂದೆ 2005ರ ರಾಷ್ಟ್ರೀಯ ಕಾಯ್ದೆಗೂ ಬೇರು ಈ ಅನುಭವದಲ್ಲಿದೆ. ಆಹಾರ ಭದ್ರತೆಗೆ ಧಾನ್ಯದಷ್ಟೇ ಕೂಲಿಯೂ ಮುಖ್ಯ ಎಂದು ನಾನು ಗಟ್ಟಿಯಾಗಿ ನಂಬಲು ಇದೇ ಆಧಾರ.

ಧಾನ್ಯದ ಕಡೆಯೂ ನಾವು ಬಹಳ ದೂರ ಬಂದಿದ್ದೇವೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ದೇಶದ ಮೂರರಲ್ಲಿ ಎರಡು ಪಾಲು ಜನರಿಗೆ ತಿಂಗಳಿಗೆ ತಲಾ ಐದು ಕೆಜಿ ಧಾನ್ಯವನ್ನು ಹಕ್ಕಾಗಿಸಿತು. ಕೇಂದ್ರದ ದಾಸ್ತಾನಿನಲ್ಲಿ ಪ್ರತಿ ಜುಲೈ 1ಕ್ಕೆ ಕನಿಷ್ಠ 411 ಲಕ್ಷ ಟನ್ ಅಕ್ಕಿ, ಗೋಧಿ ಇರಬೇಕೆಂಬ ನಿಯಮವಿದೆ. ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಆದರೆ ಪಡಿತರಕ್ಕೆ ವರ್ಷಕ್ಕೆ ಬೇಕಾಗುವ ಧಾನ್ಯ ಆ ಕನಿಷ್ಠ ಪ್ರಮಾಣವನ್ನು ಮೀರುತ್ತದೆ. ಒಂದು ಕೆಟ್ಟ ವರ್ಷವನ್ನು ಅದು ದಾಟಿಸುತ್ತದೆ, ಎರಡನೆಯದಕ್ಕೆ ಹೊಸ ಬೆಳೆ ಬಂದೇ ತೀರಬೇಕು. ದಾಸ್ತಾನಿನ ಬಹುಪಾಲು ಎರಡೇ ಧಾನ್ಯ ಎಂಬುದನ್ನೂ ಮರೆಯಬಾರದು.

ಹೊರಗಿನಿಂದ ತರಿಸಿಕೊಳ್ಳಬಹುದಲ್ಲ ಎನ್ನುವವರು ಲೂಯಿ ದೊರೆಯನ್ನು ನೆನೆಯಬೇಕು. 2008ರಲ್ಲಿ ಭಾರತ, ವಿಯೆಟ್ನಾಂ ಮೊದಲಾದ ದೇಶಗಳು ಅಕ್ಕಿಯ ರಫ್ತಿಗೆ ತಡೆ ಹಾಕಿದಾಗ ಜಾಗತಿಕ ಪೇಟೆಯಲ್ಲಿ ಅಕ್ಕಿಯ ಬೆಲೆ ಕೆಲವೇ ತಿಂಗಳಲ್ಲಿ ಮೂರು ಪಟ್ಟಿನ ಹತ್ತಿರ ಬಂತು. 2010ರಲ್ಲಿ ಬಿಸಿಗಾಳಿಗೆ ಬೆಳೆ ಸುಟ್ಟ ರಷ್ಯಾ ಗೋಧಿಯ ರಫ್ತು ನಿಲ್ಲಿಸಿತು. 2022ರ ಮೇ ತಿಂಗಳಲ್ಲಿ ನಾವು ಗೋಧಿಯನ್ನು ತಡೆದೆವು, 2023ರ ಜುಲೈನಲ್ಲಿ ಬಾಸ್ಮತಿಯೇತರ ಬಿಳಿ ಅಕ್ಕಿಯನ್ನು. ತನ್ನ ಜನರ ಹೊಟ್ಟೆ ಮೊದಲು ಎನ್ನುವುದು ಸರ್ಕಾರದ ಧರ್ಮವೇ. ಹೀಗೆ ಎಲ್ಲರೂ ಒಟ್ಟಿಗೆ ಬಾಗಿಲು ಹಾಕಿಕೊಂಡರೆ, ಕೊಂಡೇ ಉಣ್ಣಬೇಕಾದ ಬಡ ದೇಶಗಳ ಗತಿಯೇನು ಎಂಬ ಪ್ರಶ್ನೆ ಉಳಿಯುತ್ತದೆ. ದೇಶದೊಳಗೂ ಇದೇ ಕಥೆ. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿಗೆ ಕರ್ನಾಟಕ ಅಕ್ಕಿ ಕೇಳಿದಾಗ, ಕೇಂದ್ರವು ರಾಜ್ಯಗಳಿಗೆ ಮುಕ್ತ ಮಾರಾಟ ಯೋಜನೆಯ ಅಕ್ಕಿ ಕೊಡುವುದನ್ನು ನಿಲ್ಲಿಸಿತ್ತು. ರಾಜ್ಯ ಕೆಜಿಗೆ 34 ರೂಪಾಯಿಯಂತೆ ಹಣ ಹಾಕಬೇಕಾಯಿತು. ಅದೇ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಅಕ್ಕಿಯ ಬೆಲೆ ಏರಿದಾಗಲೂ ಆ 34 ರೂಪಾಯಿ ಅಷ್ಟೇ ಉಳಿಯುತ್ತಿತ್ತು, ಅದಕ್ಕೆ ಸಿಗುವ ಅಕ್ಕಿ ಕಡಿಮೆಯಾಗುತ್ತಿತ್ತು.

ವಿಂಚೆಸ್ಟರ್‌ನ ಆ ಬೀಜದ ಲೆಕ್ಕಕ್ಕೆ ಮತ್ತೆ ಬರುತ್ತೇನೆ. ಇಂದಿನ ರೈತನಿಗೆ ಬೆಳೆಯ ಕಾಲು ಪಾಲನ್ನು ಬೀಜಕ್ಕೆಂದು ಎತ್ತಿಡುವ ಕಷ್ಟವಿಲ್ಲ. ಆ ಜಾಗದಲ್ಲಿ ಸಾಲ ಕೂತಿದೆ. ಬೀಜ, ಗೊಬ್ಬರ, ಔಷಧಿ, ಟ್ರ್ಯಾಕ್ಟರ್ ಬಾಡಿಗೆ, ಬೋರಿನ ಖರ್ಚು ಎಲ್ಲಕ್ಕೂ ಮೊದಲೇ ಹಣ ಹೂಡಬೇಕು. ಬೆಳೆ ಅರ್ಧ ಬಂದರೂ ಕಂತು ಪೂರ್ತಿ ಕಟ್ಟಬೇಕು. ಇಳುವರಿ ಅರ್ಧವಾದರೆ ಕೈಗುಳಿಯುವುದು ಏನೂ ಇಲ್ಲ, ಒಮ್ಮೊಮ್ಮೆ ಇದ್ದದ್ದೂ ಹೋಗುತ್ತದೆ. ಮೊದಲ ವರ್ಷ ಬ್ಯಾಂಕಿನವರು ಸಾಲ ನವೀಕರಿಸುತ್ತಾರೆ, ಕಿವಿಯ ಓಲೆ ಅಡವಿಡಬಹುದು. ಎರಡನೇ ವರ್ಷ ಕೈಸಾಲಕ್ಕೆ ಹೋಗಬೇಕು, ಸಂತೆಗೆ ಹೋರಿ ಹೊಡೆಯಬೇಕು. ಊರಿನವರೆಲ್ಲ ಒಟ್ಟಿಗೆ ಹೊಡೆದಾಗ ಹೋರಿಗೆ ಅರ್ಧ ಬೆಲೆಯೂ ಬರುವುದಿಲ್ಲ. ಆಮೇಲೆ ಗುಳೆ. 2023ರಲ್ಲಿ ಬರ ಕಂಡ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳು 2025ರ ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ಅತಿವೃಷ್ಟಿಗೆ ಸಿಕ್ಕಿ ತೊಗರಿ, ಹೆಸರು, ಉದ್ದು ಕಳೆದುಕೊಂಡವು. ನಡುವೆ ಒಂದು ವರ್ಷ ಸಿಕ್ಕಿತ್ತು. ಅದೂ ಸಿಗದಿದ್ದರೆ?

ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡಿದ್ದ ಒಂದು ದಾರಿ ಹಳೇ ಮೈಸೂರು ಸೀಮೆಯ ಹಗೇವು. ಊರಿನ ಎತ್ತರದ, ಗಟ್ಟಿ ನೆಲದಲ್ಲಿ ಮನುಷ್ಯ ಇಳಿಯುವಷ್ಟೇ ಬಾಯಿ ಬಿಟ್ಟು, ಒಳಗೆ ಅಗಲವಾಗಿ ತೋಡಿ, ಗೋಡೆಗೆ ಹುಲ್ಲು ಹೊಂದಿಸಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮುಚ್ಚುತ್ತಿದ್ದರು. ಗಾಳಿಯಾಡದ ಅದರೊಳಗೆ ರಾಗಿ ಹುಳ ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತಿತ್ತು. ತೆರೆದ ದಿನ ಕೂಡಲೇ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿ ಪ್ರಾಣ ತೆಗೆಯುತ್ತದೆ. ಉತ್ತರ ಯುರೋಪಿನ ರೈತನಿಗೆ ಇಂಥ ಅನುಕೂಲ ಇರಲಿಲ್ಲ. ಅವನ ಹಸಿ ಗೋಧಿ ಮರುವರ್ಷಕ್ಕೇ ಬೂಸಲು ಹಿಡಿಯುತ್ತಿತ್ತು, ಇಲಿಯ ಪಾಲಾಗುತ್ತಿತ್ತು. ಎರಡನೇ ವರ್ಷಕ್ಕೆ ಕಾಳು ಉಳಿಸುವ ವಿದ್ಯೆಯೂ, ಅದಕ್ಕೆ ಒಗ್ಗುವ ಧಾನ್ಯವೂ ನಮ್ಮಲ್ಲಿತ್ತು. ಹಗೇವನ್ನು ಮತ್ತೆ ತೋಡೋಣ ಎಂದು ನಾನು ಹೇಳುತ್ತಿಲ್ಲ. ರಾಗಿ, ಜೋಳ, ನವಣೆಗಳನ್ನು ಸರ್ಕಾರ ಬೆಂಬಲ ಬೆಲೆಗೆ ಕೊಂಡು ಪಡಿತರದಲ್ಲಿ ಹಂಚುವುದನ್ನು ಇನ್ನಷ್ಟು ಹೆಚ್ಚಿಸಬೇಕು, ತಾಲ್ಲೂಕು ಮಟ್ಟದಲ್ಲಿ ಅವುಗಳ ದಾಸ್ತಾನು ಇರಬೇಕು. ಅಕ್ಕಿ, ಗೋಧಿ, ಮೆಕ್ಕೆಜೋಳ ಮೂರರ ಮೇಲೇ ಜಗತ್ತಿನ ಊಟದ ಅರ್ಧ ಭಾರ ಬಿದ್ದಿರುವಾಗ, ಆ ಮೂರಕ್ಕೂ ಒಂದೇ ವರ್ಷ ಹವೆ ಮುನಿದರೆ ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರವನ್ನು ಹೊಲದಲ್ಲೇ ಬೆಳೆದುಕೊಳ್ಳಬೇಕು.

ಬರ ಬಂದ ವರ್ಷ ತಾಲ್ಲೂಕು ಆಡಳಿತ ಮೇವು ಬ್ಯಾಂಕ್ ತೆರೆಯುತ್ತದೆ, ಟ್ಯಾಂಕರ್ ಕಳಿಸುತ್ತದೆ, ಪರಿಹಾರದ ಪಟ್ಟಿ ಮಾಡುತ್ತದೆ. ಮಳೆ ಬಂದ ಕೂಡಲೇ ಎಲ್ಲವೂ ಮುಚ್ಚುತ್ತದೆ. ರೈತನ ಕಷ್ಟ ಹೆಚ್ಚುವುದು ಅಲ್ಲಿಂದಲೇ. ಬೀಜಕ್ಕೆ ದುಡ್ಡು ಬೇಕು, ಮಾರಿದ ಎತ್ತಿನ ಬದಲು ಎತ್ತು ಬೇಕು, ಬೆಳೆ ಕೈಗೆ ಬರುವವರೆಗೆ ನಾಲ್ಕು ತಿಂಗಳು ಊಟ ಬೇಕು. ನಮ್ಮ ಬರ ಕೈಪಿಡಿಗಳಲ್ಲಿ ಈ ಎರಡನೇ ವರ್ಷಕ್ಕೇ ಒಂದು ಅಧ್ಯಾಯ ಬೇಕು. ಬರ ಘೋಷಣೆಯಾದ ತಾಲ್ಲೂಕಿಗೆ ಮರುವರ್ಷದ ಬಿತ್ತನೆ ಬೀಜ ಉಚಿತವಾಗಿ, ಕೂಲಿ ಕೆಲಸ ಮುಂದಿನ ಕಟಾವಿನವರೆಗೆ, ಸಾಲದ ಕಂತಿಗೆ ಎರಡು ವರ್ಷದ ವಿರಾಮ. ಇಷ್ಟು ಮೊದಲೇ ಬರೆದಿಟ್ಟಿದ್ದರೆ ಆ ಹೊತ್ತಿಗೆ ಯಾರ ಕೃಪೆಗೂ ಕಾಯಬೇಕಾಗುವುದಿಲ್ಲ.

ಇನ್ನೊಂದು ಕೆಲಸ ತಕ್ಷಣ ಆಗಬೇಕಾದದ್ದು. ಆಹಾರ ಭದ್ರತಾ ಕಾಯ್ದೆಯಡಿ ಯಾವ ರಾಜ್ಯದಲ್ಲಿ ಎಷ್ಟು ಜನರಿಗೆ ಪಡಿತರ ಎಂಬುದು ನಿಗದಿಯಾದದ್ದು 2011ರ ಜನಗಣತಿಯ ಮೇಲೆ. ಆಮೇಲೆ ಹುಟ್ಟಿದ ಮಕ್ಕಳು, ಬೇರೆಯಾದ ಸಂಸಾರಗಳು, ಊರು ಬಿಟ್ಟು ಬಂದ ಕೂಲಿಗಳಲ್ಲಿ ಅನೇಕರು ಆ ಲೆಕ್ಕದಿಂದ ಹೊರಗಿದ್ದಾರೆ. ಈಪ್ರ್‌ನಲ್ಲಿ ಸತ್ತವರೂ ಹೆಚ್ಚಾಗಿ ಇಂಥವರೇ, ಯಾವ ಪಟ್ಟಿಯಲ್ಲೂ ಹೆಸರಿಲ್ಲದವರು. ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ, ನಿಮ್ಮ ವಾರ್ಡಿನ ನ್ಯಾಯಬೆಲೆ ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿ: ಪಟ್ಟಿಯಿಂದ ಹೊರಗಿರುವವರು ಯಾರು, ಅವರ ಹೆಸರು ಯಾವಾಗ ಸೇರುತ್ತದೆ? ಮಳೆ ಬೆಳೆ ಚೆನ್ನಾಗಿರುವಾಗಲೇ ಕೇಳಿ.